ಒಂದೇ ಪೊಟ್ಟಣ, ಇಬ್ಬರ ಕಿವಿ

ದ್ವೀಪಗಳಿಗೆ ಔಷಧ ಹಂಚುವ ಅಧಿಕಾರಿಗಳಿಗೆ,

ಮಾನ್ಯರೇ,

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಚರ್ಚಿನಲ್ಲಿ ನನ್ನ ಹದಿನಾಲ್ಕರ ಮಗಳು ಫುಸಿ ಎಲ್ಲರಿಗೂ ಕೇಳುವ ಹಾಗೆ, "ಹಾಡು ಮುಗೀತಾ ಅಮ್ಮಾ?" ಎಂದಳು. ಹಾಡು ನಡೆಯುತ್ತಲೇ ಇತ್ತು. ಅವಳ ಸೋದರತ್ತೆಯ ಮಗಳು ವೈಮೋನಾ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದಳು. ಹಿಂದೆ ಯಾರೋ ಮೆಲ್ಲಗೆ ನಕ್ಕರು. ನಿಮ್ಮ ಕಚೇರಿ ನಮ್ಮ ದ್ವೀಪಕ್ಕೆ ಒಬ್ಬರಿಗಾಗುವಷ್ಟೇ ಮಾತ್ರೆ ಕಳಿಸಿತು. ಕಿವಿ ಕೆಟ್ಟದ್ದು ಇಬ್ಬರದು. ನನ್ನ ದೂರು ಇದೇ.

ಏಪ್ರಿಲ್‌ನಲ್ಲಿ ಜ್ವರ ಬಂದುಹೋದ ಮೇಲೆ ಇಬ್ಬರು ಹುಡುಗಿಯರಿಗೂ ತಲೆ ಸುತ್ತಿ ಕಿವಿ ಮಂದವಾಯಿತು. ನರ್ಸ್ ಪೌಲಿನೆ ರೇಡಿಯೊದಲ್ಲಿ ದೊಡ್ಡಾಸ್ಪತ್ರೆಯ ವೈದ್ಯರನ್ನು ಕೇಳಿದಳು. ಕಿವಿಯ ಒಳಭಾಗದಲ್ಲಿ ಉರಿಯೂತವಾಗಿದೆ, ಸ್ಟೀರಾಯ್ಡ್ ಮಾತ್ರೆ ಕೂಡಲೇ ಶುರುಮಾಡಿ, ತಡವಾದಷ್ಟೂ ಕಿವಿ ಉಳಿಯುವುದು ಕಷ್ಟ ಎಂದರು. ಮಾತ್ರೆ ತರಲು ಪೌಲಿನೆಯ ಬಳಿ ಮೊದಲು ಹೋದವಳು ನಾನು. ಪೊಟ್ಟಣ ಹಿಡಿದು ಮೆಟ್ಟಿಲಿಳಿಯುವಾಗ ನನ್ನ ಗಂಡನ ಅಕ್ಕ ವೈಮೋನಾಳ ಕೈ ಹಿಡಿದು ಎದುರಾದಳು.

"ಏನೇ ಅದು ಕೈಯಲ್ಲಿ?"

"ಫುಸಿ ಮಾತ್ರೆ, ಅತ್ತಿಗೆ."

"ಒಳಗೆ ಇನ್ನೊಂದಿದೆಯಾ?"

ಬಾಗಿಲಲ್ಲಿದ್ದ ಪೌಲಿನೆ, "ಇಲ್ಲಮ್ಮ, ಇದ್ದಿದ್ದು ಅದೊಂದೇ. ಇನ್ನು ಹಡಗು ಬಂದ ಮೇಲೇ" ಎಂದಳು.

ಅತ್ತಿಗೆ ಕೊಡು ಎನ್ನಲಿಲ್ಲ. ವೈಮೋನಾಳನ್ನು ತನ್ನ ಮುಂದಕ್ಕೆ ನಿಲ್ಲಿಸಿಕೊಂಡಳು. ನೀವೂ ಟೊಂಗಾದವರೇ, ಬಿಡಿಸಿ ಹೇಳಬೇಕಿಲ್ಲ. ತಮ್ಮನ ಮನೆಯಲ್ಲಿ ಏನೇ ಇದ್ದರೂ ಅಕ್ಕನ ಮಕ್ಕಳದೇ ಮೊದಲ ಹಕ್ಕು. ಹಂದಿಯ ಒಳ್ಳೆಯ ತುಂಡು, ಹೊಸದಾಗಿ ನೇಯ್ದ ಚಾಪೆ, ಎಲ್ಲವನ್ನೂ ಅವರು ಕೇಳುವ ಮೊದಲೇ ಕೊಟ್ಟು ಅಭ್ಯಾಸವಾದ ಕೈ ಇದು. ತಾನಾಗಿ ಮುಂದಾಯಿತು. "ತಗೊಳ್ಳಿ ಅತ್ತಿಗೆ, ನಮ್ಮವಳದು ಅಷ್ಟೇನಿಲ್ಲ" ಎಂದೂ ಹೇಳಿದೆ.

ಹತ್ತು ದಿನದಲ್ಲಿ ವೈಮೋನಾಳಿಗೆ ಕೇಳತೊಡಗಿತು. ಹಡಗು ಬಂದದ್ದು ಇಪ್ಪತ್ತಮೂರನೆಯ ದಿನ. ಫುಸಿಗೆ ಆಗ ಕೊಟ್ಟ ಮಾತ್ರೆ ಏನೂ ಮಾಡಲಿಲ್ಲ. ಮೊದಲೇ ಕೊಟ್ಟಿದ್ದರೂ ಉಳಿಯುತ್ತಿತ್ತೆಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ಸಮಾಧಾನ ಮಾಡಿದರು. ಆ ಸಮಾಧಾನ ನನಗೆ ನಿದ್ದೆ ತರಲಿಲ್ಲ.

ಈಗ ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಹಿತ್ತಲಲ್ಲಿ ತೆಂಗಿನಕಾಯಿ ಬಿದ್ದರೆ ಅವಳು ತಿರುಗಿ ನೋಡುತ್ತಾಳೆ. ನಾನು ಅವಳನ್ನು ನೋಡುತ್ತೇನೆ. ಅವರಮ್ಮ ಕಡಲ ದಂಡೆಯಿಂದ ಕೂಗಿದರೆ "ಬಂದೆ" ಎನ್ನುತ್ತಾಳಲ್ಲ, ಆ ಒಂದು ಮಾತಿಗೆ ನನ್ನ ಹೊಟ್ಟೆ ಉರಿಯುತ್ತದೆ. ಹೋದ ವಾರ ಅವಳಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು. ಎರಡು ದಿನ ನಾನು ಹಗುರವಾಗಿದ್ದೆ. ತಪ್ಪು ಮಾಡದ ಮಗುವಿನ ಬಗ್ಗೆ ಹೀಗೆಲ್ಲ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನನ್ನ ಮೊದಲ ಅರ್ಜಿಗೆ ನೀವು ದಯವಿಟ್ಟು ಉತ್ತರಿಸಿದ್ದೀರಿ: ನೂರಾ ಎಂಬತ್ತು ಜನರ ದ್ವೀಪಕ್ಕೆ ವರ್ಷಕ್ಕೆ ಒಬ್ಬರಿಗಾಗುವಷ್ಟು ಮಾತ್ರೆ ಸಾಕೆಂದು ಲೆಕ್ಕ ಹೇಳುತ್ತದೆ. ಚೆನ್ನಾದ ಲೆಕ್ಕ. ಹಾಗಾದರೆ ಎರಡನೆಯವಳು ಮುಂದಿನ ವರ್ಷ ಕಿವುಡಾಗಬೇಕಿತ್ತೇ? ಅಥವಾ ನೆರೆಯ ದ್ವೀಪದಲ್ಲಿ ಹುಟ್ಟಬೇಕಿತ್ತೇ? ನಿಮ್ಮ ಅಂಗಳದ ಉಗ್ರಾಣದಲ್ಲಿ ಅದೇ ಮಾತ್ರೆ ಪೆಟ್ಟಿಗೆಗಟ್ಟಲೆ ಇತ್ತೆಂದು ಹಡಗಿನವರೇ ಹೇಳಿದರು.

ಪ್ರತಿ ದ್ವೀಪದಲ್ಲೂ ಕನಿಷ್ಠ ಮೂವರಿಗಾಗುವಷ್ಟು ಮಾತ್ರೆ ಇಡಿ. ಜೊತೆಗೆ ಒಂದು ಆದೇಶ ಬರೆದು ಗೋಡೆಗೆ ಅಂಟಿಸಿ: ಯಾರ ಹೆಸರಿಗೆ ಕೊಟ್ಟ ಔಷಧವೋ ಅವರೇ ನರ್ಸಿನ ಎದುರು ನುಂಗಬೇಕು, ಮನೆಗೆ ಒಯ್ಯುವಂತಿಲ್ಲ. ಅತ್ತಿಗೆಯ ಮುಖ ನೋಡಿ ಇಲ್ಲ ಎನ್ನುವ ಧೈರ್ಯ ನಮಗಿಲ್ಲ. ಗೋಡೆಯ ಕಾಗದವಾದರೂ ನಮ್ಮ ಪರವಾಗಿ ಇಲ್ಲ ಎನ್ನಲಿ.

ಫುಸಿಗೂ ಹಾಡುವವರ ಸಾಲಿನಲ್ಲಿ ಜಾಗವಿತ್ತು. ಅವಳು ಹಾಡಲು ಉಡುತ್ತಿದ್ದ ಬಿಳಿ ಉಡುಪು ವೈಮೋನಾಳಿಗೆ ಸರಿಹೋಗುತ್ತದಂತೆ. ನಿನ್ನೆಯೇ ಇಸ್ತ್ರಿ ಮಾಡಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅತ್ತಿಗೆ ಬಂದು ಒಯ್ಯುತ್ತಾಳೆ.

ಇಂತಿ,
ಕೇಳುವ ಮೊದಲೇ ಕೊಟ್ಟವಳು,
ಮೆಲೆನಾಯಿಟೆ