ನನ್ನ ಅಳತೆಯ ಓಟ

ಪ್ರೀತಿಯ ಗುಬ್ಬಿ,

ಈ ಕಾಗದವನ್ನಾದರೂ ಹರಿಯಬೇಡ, ಓದು. ಐದು ತಿಂಗಳಿಂದ ನನ್ನ ಫೋನು ಎತ್ತಿಲ್ಲ ನೀನು. ಕೋಪ ಇಟ್ಟುಕೋ, ತಪ್ಪೇನಿಲ್ಲ. ಆದರೆ ನೀನು ಪಾಠ ಮಾಡುವ ಶಾಲೆಯ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತೀಯಂತೆ, ಓಟದ ಶೂ ಯಾರಿಗೋ ಕೊಟ್ಟುಬಿಟ್ಟೆಯಂತೆ. ನಿನ್ನ ಗಂಡ ಹೇಳಿದಾಗಿನಿಂದ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಿಡಿಯಲು ನನಗೆ ಕೈ ಬರುತ್ತಿಲ್ಲ. ಬೆಳಿಗ್ಗೆ ಒಟ್ಟಿಗೆ ಓಡುವಾಗ ನೀನು, "ದಿನದಲ್ಲಿ ಈ ಒಂದು ಗಂಟೆ ಮಾತ್ರ ನಂದು ಅಣ್ಣಾ" ಅನ್ನುತ್ತಿದ್ದೆ. ಆ ಗಂಟೆಯನ್ನು ಕಿತ್ತುಕೊಂಡವನು ನಾನೇ.

ನನಗೆ ಮಂಡಿನೋವು ಬಂದಾಗ ರಸ್ತೆಯಂಚಿನ ಬಿಳಿ ಗೆರೆಯ ಮೇಲೆಯೇ ಎರಡೂ ಪಾದ ಬೀಳುವಂತೆ ಹೆಜ್ಜೆ ಕೂಡಿಸಿ ಓಡಿದೆ, ಹಾಯೆನಿಸಿತು. ಆಮೇಲೆ ನಿನಗೂ ನೋವು ಬಂತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬೇರೆ ಮದ್ದು ಯಾಕೆಂದು ನಿನ್ನನ್ನೂ ಅದೇ ಗೆರೆಗೆ ಹತ್ತಿಸಿದೆ. "ಹೀಗೆ ಓಡಿದ್ರೆ ನೋವು ಜಾಸ್ತಿ ಆಗ್ತಿದೆ ಅಣ್ಣಾ" ಅಂದೆ ನೀನು. ಓಟದ ಗುಂಪಿನವರೆಲ್ಲರ ಎದುರು ನಾನು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಮತ್ತೆ ಎರಡು ತಿಂಗಳು ನೀನು ಆ ಗೆರೆ ಬಿಡದೆ ಓಡಿದೆ. ಒಂದು ಬೆಳಿಗ್ಗೆ ಫುಟ್‌ಪಾತಿನ ಅಂಚಿನಲ್ಲಿ ಕೂತವಳು ಏಳಲಾಗದೆ ಅತ್ತುಬಿಟ್ಟೆ.

ಹೋದ ವಾರ ನನ್ನ ನೋವು ಮರಳಿತು. ಫಿಸಿಯೋಥೆರಪಿ ಮೇಡಂ ನನ್ನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಹಿಂದಿನಿಂದ ವಿಡಿಯೋ ತೆಗೆದರು. ನನ್ನ ಮಂಡಿ ಹೊರಕ್ಕೆ ಬಾಗುತ್ತದೆ. ಆಮೇಲೆ ಹೋಲಿಸಿ ನೋಡಲೆಂದು ಯಾರೋ ಹೆಂಗಸಿನ ಓಟದ ವಿಡಿಯೋ ತೋರಿಸಿದರು, ಸೊಂಟದಿಂದ ಕೆಳಗಷ್ಟೇ. ಹೆಜ್ಜೆಹೆಜ್ಜೆಗೂ ಸೊಂಟ ಒಂದು ಪಕ್ಕಕ್ಕೆ ಕುಸಿದು, ತೊಡೆ ಒಳಕ್ಕೆ ವಾಲುತ್ತಿತ್ತು. "ಎಲ್ರೂ ಹೀಗೇ ಅಂತಲ್ಲ, ಹೆಂಗಸ್ರಲ್ಲಿ ಜಾಸ್ತಿ ನೋಡ್ತೀವಿ. ಇವ್ರು ಕಾಲು ಕೂಡಿಸಿ ಓಡಿದ್ರೆ ನೋವು ಇನ್ನೂ ಏರುತ್ತೆ" ಅಂದರು. ನೀನೂ ಅಂದು ಅದನ್ನೇ ಹೇಳಿದ್ದೆ.

ಇಪ್ಪತ್ತೆರಡು ವರ್ಷದಿಂದ ಟೈಲರ್ ನಾನು. ಗಂಡಸಿನ ಪ್ಯಾಂಟಿನ ಅಳತೆಗೆ ಹೆಂಗಸಿನದನ್ನು ಕತ್ತರಿಸಿದರೆ ಸೊಂಟದಲ್ಲಿ ಕೂರುವುದಿಲ್ಲ ಎಂದು ಕೆಲಸದವರನ್ನು ಗದರಿದವನು. ನಿನಗೆ ಮಾತ್ರ ಟೇಪು ಹಿಡಿಯದೆ ನನ್ನ ಅಳತೆ ತೊಡಿಸಿದೆ. ನಾಲ್ಕು ವರ್ಷ ಒಟ್ಟಿಗೆ ಓಡಿದೆವು ಗುಬ್ಬಿ, ನೀನು ಹೇಗೆ ಓಡುತ್ತೀಯೆಂದು ನನಗೆ ಗೊತ್ತೇ ಇಲ್ಲ. ಯಾವಾಗಲೂ ನಾನೇ ಮುಂದಿದ್ದೆ.

ಶನಿವಾರ ನಾಲ್ಕು ಗಂಟೆಗೆ ಆ ಮೇಡಂ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಸರಿಹೋಗುತ್ತಾ ಅಂತ ಕೇಳಿದೆ. ನೋಡದೆ ಹೇಗೆ ಹೇಳಲಿ ಅಂದರು. ನನ್ನ ಮುಖ ಬೇಡವಾದರೆ ರಸ್ತೆಯ ಆಚೆ ನಿಂತಿರುತ್ತೇನೆ, ಒಳಗೆ ಬರುವುದಿಲ್ಲ. ಕೈಮುಗಿಯುತ್ತೇನೆ, ಬಾ. ನಿನಗೆ ಹೊಸ ಶೂ ತರೋಣವೆಂದು ಹೋಗಿದ್ದೆ. ಅಂಗಡಿಯವನು ಎಷ್ಟನೇ ನಂಬರು ಅಂದ. ಬರಿಗೈಯಲ್ಲಿ ಬಂದೆ.

ನಿನ್ನ ಕಾಲು ನಿನ್ನ ಹಾಗೆಯೇ ಓಡುವಂತಾಗಲಿ. ಮುಂದೆ ನೀನಿರು.

ಇನ್ನು ನಿನ್ನ ಹಿಂದೆಯೇ ಬರುವ,
ಅಣ್ಣ