ಗಾಯದ ಲೋಳೆ

ವಾರ್ಡಿನಿಂದ,
ಗುರುವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ಬೇರೆಯಾದವಳು ಗಂಡನ ಅಕ್ಕನಿಗೆ ಕಾಗದ ಬರೆಯುವುದುಂಟೇ ಎಂದು ನಗಬೇಡಿ. ನಿಮ್ಮ ತಮ್ಮನಿಗೂ ನನಗೂ ಒಂದೇ ಸೂರಿನಡಿ ಹೊಂದಲಿಲ್ಲ. ಆದರೆ ನಾನು ನರ್ಸಾಗಿರುವ ವಾರ್ಡಿನಲ್ಲೇ ಅವರಿಗೆ ಹಾಸಿಗೆ ಸಿಕ್ಕಿತು. ಅವರ ಕಾಲು ಈಗ ನನ್ನ ಕೈಯಲ್ಲಿದೆ.

ಅಂಗಡಿಯೊಂದರ ಬೋರ್ಡು ಬರೆಯಲು ಏಣಿ ಹತ್ತಿದ್ದಾಗ ಬೂಟಿನೊಳಕ್ಕೆ ಮೊಳೆ ಹೊಕ್ಕಿದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿತ್ತಲ್ಲ, ಗೊತ್ತೇ ಆಗಲಿಲ್ಲ. ಕೆಲಸ ಮುಗಿಸಿ ಬೂಟು ಬಿಚ್ಚಿದರೆ ಕಾಲುಚೀಲ ಒದ್ದೆ. ಕೆಂಪು ಬಣ್ಣ ಚೆಲ್ಲಿದೆ ಅಂದುಕೊಂಡರಂತೆ. ದಿನಗಳು ಕಳೆದು ಇಲ್ಲಿಗೆ ಬರುವಷ್ಟರಲ್ಲಿ ಹಿಮ್ಮಡಿಯಲ್ಲಿ ನಿಂಬೆಹಣ್ಣು ಹಿಡಿಸುವಷ್ಟು ಗುಂಡಿ.

ಮಾತ್ರೆ, ಇಂಜೆಕ್ಷನ್ನು ಯಾವುದಕ್ಕೂ ಗಾಯ ಬಗ್ಗಲಿಲ್ಲ. ಡಾಕ್ಟರಮ್ಮ ಅವರಿಗೆ ಬಿಡಿಸಿ ಹೇಳಿದರು: "ನೀರಿನ ತೊಟ್ಟಿ ಗೋಡೆಗೆ ಲೋಳೆ ಕಟ್ಟುತ್ತಲ್ಲ, ಹಾಗೇ ಇದು. ರೋಗಾಣುಗಳೆಲ್ಲ ಒಟ್ಟಾಗಿ ಲೋಳೆ ಹೊದ್ದು ಕೂತಿವೆ. ಔಷಧಿ ಒಳಗೆ ಇಳಿಯೋದೇ ಇಲ್ಲ. ಮೊದಲು ಕೆರೆದು ತೆಗೀಬೇಕು."

ಕೆರೆದರು. ಗುಂಡಿಗೆ ಸ್ಪಂಜು ತುಂಬಿ, ಗಾಳಿಯಾಡದಂತೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಳಿಗೆಯಿಂದ ಯಂತ್ರಕ್ಕೆ ಜೋಡಿಸಿದೆ. ಅದು ಕೊಳೆನೀರನ್ನು ಬಿಡದೆ ಹೀರುತ್ತದೆ. ಆ ಸೆಳೆತಕ್ಕೆ ಹೊಸ ಮಾಂಸ ಚಿಗುರಬೇಕು. "ನನ್ನ ಹಳೇ ಮಾಲೀಕನ ಥರಾನೇ ಹೀರ್ತದೆ ಕಣೇ" ಎಂದು ನಿಮ್ಮ ತಮ್ಮ ವಾರ್ಡನ್ನೆಲ್ಲ ನಗಿಸಿದರು.

ಒಮ್ಮೆ ಸ್ಪಂಜು ಬಿಚ್ಚಿದಾಗ ಅಡಿಯಲ್ಲಿ ಕೆಂಪು ಮಾಂಸ ಕಾಳುಕಾಳಾಗಿ ಎದ್ದಿತ್ತು. ಅಕ್ಕಾ, ರೋಗಿಯ ಮುಂದೆ ನಾನು ಅತ್ತದ್ದು ಅದೇ ಮೊದಲು. ಅವರು ಗಾಬರಿಯಾಗಿ, "ಏನಾಯ್ತೇ? ಕೊಳೆತುಹೋಯ್ತಾ?" ಎಂದರು. ಹೊಸ ಮಾಂಸ ಬಂದಿದೆ ಎಂದು ಕನ್ನಡಿ ಹಿಡಿದು ತೋರಿಸಿದೆ.

ಆ ಸಂತೋಷ ಬಾಳಲಿಲ್ಲ. ಮುಂದಿನ ಸಲ ಹಾಳೆ ಎತ್ತುವ ಮೊದಲೇ ವಾಸನೆ ಬಂತು. ಕೆಂಪಿನ ಮೇಲೆ ಬೂದು ಬಣ್ಣದ ಅದೇ ಲೋಳೆ. ಮತ್ತೆ ಕೆರೆದರು, ನಾನು ಮತ್ತೆ ಸ್ಪಂಜು ಕಟ್ಟಿದೆ, ಲೋಳೆ ಮತ್ತೆ ಬಂತು. ಈಗ ಮೂಳೆಗೂ ತಗುಲಿದೆ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದರು. ಒಂದಿಡೀ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದವರು ಕೊನೆಗೆ ನನ್ನ ತೋಳು ಹಿಡಿದು, "ತೆಗೀಲಿ ಬಿಡು. ನೆಲದ ಮೇಲೆ ಕೂತ್ಕೊಂಡೇ ಬೋರ್ಡು ಬರೀತೀನಿ. ಅಕ್ಷರ ಬರೆಯೋದು ಕೈ ತಾನೇ?" ಎಂದರು.

ನೀವು ಒಮ್ಮೆ ಬಂದು ಹೋದರೆ ಅವರಿಗೆ ಧೈರ್ಯ.

ಇಂತಿ,
ನಿಮ್ಮ ತಮ್ಮನ ಹೆಂಡತಿ
(ಹೀಗೇ ಬರೆಯಬೇಕೆಂದು ಅವರೇ ಹೇಳಿದರು.)

ತಾ.ಕ.: ಮೇಲಿನದನ್ನು ಅವರಿಗೆ ಓದಿ ಹೇಳಿದೆ. ಇದನ್ನು ವರಾಂಡದಲ್ಲಿ ನಿಂತು ಬರೆಯುತ್ತಿದ್ದೇನೆ. ಕಾಲು ತೆಗೆಯುವುದಿಲ್ಲ, ಅಕ್ಕಾ. ನಂಜು ರಕ್ತಕ್ಕೆ ಇಳಿದಿದೆ, ಆಪರೇಷನ್ ತಡೆಯುವಷ್ಟು ಶಕ್ತಿ ಹೃದಯಕ್ಕಿಲ್ಲ ಎಂದು ಡಾಕ್ಟರಮ್ಮ ಇಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಇನ್ನು ಕೆಲವೇ ದಿನವಂತೆ. ಅವರು ಮಾತ್ರ ಕಂಡಕಂಡವರನ್ನೆಲ್ಲ "ಯಾವತ್ತು ತೆಗೀತೀರಿ?" ಎಂದು ಕೇಳುತ್ತಿದ್ದಾರೆ. ಎಷ್ಟೋ ಮನೆಯವರಿಗೆ ಇಂಥ ಮಾತು ಹೇಳಿದ ಬಾಯಿ ನನ್ನದು, ಇಂದು ಏಳುತ್ತಿಲ್ಲ. ಬೇಗ ಬನ್ನಿ. ನೀವು ಅವರ ಕೈ ಹಿಡಿದುಕೊಳ್ಳಿ, ನಾನು ಹೇಳುತ್ತೇನೆ.