ಹದಿನಾಲ್ಕನೆಯ ಕಣ

ನನ್ನ ತಂಟೆಕೋರ ತಮ್ಮನಿಗೆ,

ನಿನ್ನೆ ಡಾಕ್ಟರು ಹೋದಮೇಲೆ ನೀನು ನನ್ನ ಕೈ ಹಿಡಿದೆಳೆದು, “ಅಕ್ಕಾ, ಅವರು ಹೇಳಿದ್ದು ಒಂದಕ್ಷರ ತಲೆಗೆ ಹೋಗಿಲ್ಲ. ನನ್ನ ರಕ್ತದಲ್ಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರೆ, ನೀನೇ ಹೇಳು” ಎಂದೆ. ಆಮೇಲೆ ಹೇಳುತ್ತೇನೆ ಎಂದು ನಾನು ತಪ್ಪಿಸಿಕೊಂಡು ಬಂದೆ. ಇಪ್ಪತ್ತೆರಡು ವರ್ಷದಿಂದ ಲ್ಯಾಬಿನಲ್ಲಿ ಅದನ್ನೇ ನೋಡುತ್ತ ಕೂತವಳಿಗೆ ಹೇಳಲು ಬರುವುದಿಲ್ಲವೆಂದಲ್ಲ. ಅದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಮಜ್ಜೆ ಕಸಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಕಾಗದವನ್ನು ಪೂರ್ತಿ ಓದು. ಅರ್ಧಕ್ಕೆ ಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಮೊದಲು ಕೆಂಪು ಕಣ. ಉಸಿರಿನ ಆಮ್ಲಜನಕವನ್ನು ಮೈಯ ಮೂಲೆಮೂಲೆಗೂ ಹೊತ್ತು ಮುಟ್ಟಿಸುವುದು ಅದರ ಕೆಲಸ. ಹೊರಲು ಜಾಗ ಸಾಲದೆಂದು ತನ್ನೊಳಗಿನ ಕೋಶಕೇಂದ್ರವನ್ನೇ ಹೊರಗೆಸೆದುಬಿಡುತ್ತದೆ, ಪುಣ್ಯಾತ್ಮ. ಅವು ಕಡಿಮೆಯಾದ್ದರಿಂದಲೇ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ನೀನು ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದೆ. ಬಿಳಿ ಕಣಗಳಲ್ಲಿ ಒಂದು ಬಗೆಯವು ಗಾಯವಾದ ಕಡೆ ಓಡಿ, ಕ್ರಿಮಿಗಳನ್ನು ನುಂಗಿ ಅಲ್ಲೇ ಸಾಯುತ್ತವೆ. ಕೀವು ಕಂಡರೆ ಮುಖ ಸಿಂಡರಿಸುತ್ತೀಯಲ್ಲ, ಅದು ಬಹುಪಾಲು ಅವುಗಳ ಹೆಣ. ಇನ್ನೊಂದು ಬಗೆ ಲಿಂಫೋಸೈಟ್. ಅವು ನಮ್ಮಮ್ಮನ ಹಾಗೆ, ಒಮ್ಮೆ ಜಗಳವಾಡಿದವರನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ರಕ್ತ ಸೋರುವ ಕಡೆ ಗುಂಪುಗೂಡಿ ತೂತು ಮುಚ್ಚುವವು ಪ್ಲೇಟ್‌ಲೆಟ್‌ಗಳು. ಇವರೆಲ್ಲರ ತವರು ಮೂಳೆಯೊಳಗಿನ ಮಜ್ಜೆ. ಅಲ್ಲಿರುವ ಮೂಲಕೋಶ ಇವರಲ್ಲಿ ಯಾರು ಬೇಕಾದರೂ ಆಗಬಲ್ಲದು.

ನಿನ್ನ ಮಜ್ಜೆಯಲ್ಲಿ ಕೆಲವು ಎಳೆ ಕಣಗಳು ಬೆಳೆಯುವುದನ್ನೇ ಮರೆತವು. ಕೆಲಸ ಕಲಿಯಲಿಲ್ಲ, ಹೊತ್ತಿಗೆ ಸಾಯಲೂ ಇಲ್ಲ. ಸುಮ್ಮನೆ ಹೆಚ್ಚುತ್ತ ಹೋಗಿ ದುಡಿಯುವವರ ಜಾಗವನ್ನೆಲ್ಲ ತಿಂದವು. ನಿನ್ನ ಈ ರಕ್ತದ ಕ್ಯಾನ್ಸರ್ ಎಂದರೆ ಇಷ್ಟೇ.

ಇನ್ನು ಆ ಇನ್ನೊಂದು ವಿಷಯ. ಜ್ವರ, ವಸಡಿನಲ್ಲಿ ರಕ್ತ ಎಂದು ನೀನು ನಮ್ಮ ಲ್ಯಾಬಿಗೆ ಬಂದ ದಿನ ರಕ್ತ ತೆಗೆದವಳು ನಾನೇ. ಮನೆಯವರ ಸ್ಲೈಡನ್ನು ನಾವು ನೋಡಬಾರದೆಂದು ನಮ್ಮಲ್ಲಿ ನಿಯಮವಿದೆ. ಮೇಲ್ವಿಚಾರಕಿ ಊಟಕ್ಕೆ ಹೋಗಿದ್ದರು. ನನ್ನ ತಮ್ಮನದನ್ನು ನನಗಿಂತ ಚೆನ್ನಾಗಿ ಯಾರು ನೋಡುತ್ತಾರೆ ಎಂಬ ಜಂಬ ನನಗೆ. ಸ್ಲೈಡಿನ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೂರು ಬಿಳಿ ಕಣ ಎಣಿಸಬೇಕು. ಎಣಿಕೆಯ ಯಂತ್ರದಲ್ಲಿ ಒಂದೊಂದು ಬಗೆಗೆ ಒಂದೊಂದು ಗುಂಡಿ ಒತ್ತಬೇಕು. ಹದಿನಾಲ್ಕನೆಯದಕ್ಕೆ ನನ್ನ ಬೆರಳು ನಿಂತಿತು. ದೊಡ್ಡದು, ಎಳೆಯದು, ಅಲ್ಲಿ ಇರಬಾರದ್ದು. ವೈರಲ್ ಜ್ವರದಲ್ಲಿ ಲಿಂಫೋಸೈಟ್‌ಗಳು ದಪ್ಪವಾಗಿ ಹೆಚ್ಚುಕಡಿಮೆ ಹಾಗೇ ಕಾಣುತ್ತವೆ. ಅದೇ ಇರಬೇಕೆಂದು ಲಿಂಫೋಸೈಟ್ ಗುಂಡಿ ಒತ್ತಿದೆ. ಇನ್ನೊಂದು ಬಂತು, ಮತ್ತೆ ಅದೇ ಗುಂಡಿ. ಅನುಮಾನ ಬಂದರೆ ಇನ್ನೊಬ್ಬರಿಗೆ ತೋರಿಸಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ಯಾರನ್ನೂ ಕರೆಯಲಿಲ್ಲ. “ವೈರಲ್ಲು ಕಣೋ, ನಾಲ್ಕು ದಿನ ಮಲಗು” ಎಂದು ನಿನ್ನ ಬೆನ್ನಿಗೊಂದು ಗುದ್ದಿ ಕಳಿಸಿದೆ.

ಹತ್ತೊಂಬತ್ತು ದಿನಕ್ಕೆ ನೀನು ಮೂಗಿನಿಂದ ರಕ್ತ ಸುರಿಸಿಕೊಂಡು ಈ ಆಸ್ಪತ್ರೆ ಸೇರಿದೆ. ಅವತ್ತೇ ಹಳೆಯ ಸ್ಲೈಡನ್ನು ತೆಗೆದು ನೋಡಿದೆ. ನೂರರಲ್ಲಿ ಒಂಬತ್ತು ಆ ಎಳೆ ಕಣಗಳೇ. ಗೊತ್ತಿಲ್ಲದೆ ಆದ ತಪ್ಪಲ್ಲ ಕಣೋ, ನೋಡಲು ಮನಸ್ಸಿಲ್ಲದೆ ಆದದ್ದು. ಆ ಹತ್ತೊಂಬತ್ತು ದಿನದಿಂದ ಎಷ್ಟು ಕೆಟ್ಟಿತೆಂದು ಡಾಕ್ಟರನ್ನು ಕೇಳುವ ಧೈರ್ಯ ಐದು ತಿಂಗಳಾದರೂ ಬಂದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವನು ನೀನು.

ನನ್ನ ಮಜ್ಜೆ ನಿನಗೆ ಹೊಂದುತ್ತದೆಂದು ಗೊತ್ತಾದ ದಿನ ಅಮ್ಮ ನನ್ನ ಎರಡೂ ಕೈ ಹಿಡಿದು ಅತ್ತಳು. ನೀನೋ, ಬಂದ ನರ್ಸ್‌ಗಳಿಗೆಲ್ಲ ನಮ್ಮಕ್ಕ ಇದ್ದಿದ್ದಕ್ಕೆ ಬಚಾವಾದೆ ಎಂದು ಡಂಗುರ ಸಾರುತ್ತೀಯ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಇವತ್ತು ಆ ಸ್ಲೈಡನ್ನು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟು ಎಲ್ಲವನ್ನೂ ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, “ತಮ್ಮನಿಗೆ ಹೇಳಿದ್ಯಾ?” ಎಂದರು, ಅಷ್ಟೇ.

ಸೋಮವಾರದಿಂದ ಔಷಧಿ ಕೊಟ್ಟು ನಿನ್ನ ಮಜ್ಜೆಯನ್ನು ಬರಿದು ಮಾಡುತ್ತಾರೆ. ಆಮೇಲೆ ನನ್ನದನ್ನು ರಕ್ತನಾಳಕ್ಕೆ ಬಿಡುತ್ತಾರೆ. ಅದರ ಮೂಲಕೋಶಗಳು ನಿನ್ನ ಮೂಳೆಯ ದಾರಿಯನ್ನು ತಾವೇ ಹುಡುಕಿಕೊಂಡು ಹೋಗಿ, ಎರಡು ಮೂರು ವಾರದಲ್ಲಿ ಕೆಲಸ ಶುರುಮಾಡುತ್ತವೆ. ಇನ್ನುಮೇಲೆ ನಿನ್ನ ರಕ್ತದಲ್ಲಿ ಓಡುವವೆಲ್ಲ ಹೆಣ್ಣು ಕಣಗಳೇ. ನಿನ್ನ ಹೆಂಡತಿಗೆ ಹೇಳಿದರೆ, ಇನ್ನಾದರೂ ಹೇಳಿದ ಮಾತು ಕೇಳುತ್ತಾರೇನೋ ಎಂದಳು. ಇದನ್ನೆಲ್ಲ ಆಮೇಲೆ ಹೇಳಬಹುದಿತ್ತು. ಆದರೆ ಆಗ ನಾನು ಜೀವ ಉಳಿಸಿದವಳಾಗಿರುತ್ತೇನೆ. ನಿನಗೆ ಬೈಯಲು ಬಾಯಿ ಬರುವುದಿಲ್ಲ. ಬೈಯುವ ಹಕ್ಕು ನಿನ್ನದು, ಅದನ್ನು ಕಿತ್ತುಕೊಳ್ಳಲಾರೆ.

ನನಗಿರುವುದು ಒಂದೇ ಭಯ, ಸಿಟ್ಟಿನಲ್ಲಿ “ನಿನ್ನ ಮಜ್ಜೆ ನನಗೆ ಬೇಡ” ಎಂದುಬಿಡುತ್ತೀಯೇನೋ ಎಂದು. ನನ್ನ ಜೊತೆ ಮಾತು ಬಿಡು, ಮನೆ ಹೊಸ್ತಿಲು ತುಳಿಯಬೇಡ ಎನ್ನು, ಎದುರಿಗೆ ಬಂದರೆ ಮುಖ ತಿರುಗಿಸು. ಸಹಿ ಮಾತ್ರ ಹಾಕು. ಆ ಕಣಗಳಿಗೆ ನಮ್ಮ ಜಗಳ ಗೊತ್ತಿಲ್ಲ, ಅವುಗಳ ಪಾಡಿಗೆ ಅವು ದುಡಿಯುತ್ತವೆ. ನನ್ನನ್ನು ಬೈಯುವುದಕ್ಕಾದರೂ ನೀನು ಬದುಕಿರಬೇಕು ಕಣೋ. ಹಲ್ಲೆಲ್ಲ ಉದುರಿದ ಮುದುಕನಾಗಿ ಬೈ, ಎದುರಿಗೆ ಕೂತು ಕೇಳುತ್ತೇನೆ.

ನನ್ನ ಆಯಸ್ಸೂ ನಿನಗೇ ಸೇರಲಿ.

ಏನೇ ಅಂದರೂ ನಿನ್ನವಳೇ ಆದ,
ಅಕ್ಕ